ಕಾಲುವೆಯ ಅರ್ಧ ನಮ್ಮದು

ನನ್ನ ಗಂಡನ ಡಚ್ ಭಾಷೆ ಇವತ್ತಿಗೂ ಅಷ್ಟಕ್ಕಷ್ಟೇ. ಕ್ರಿಯಾಪದವನ್ನು ವಾಕ್ಯದ ಯಾವ ಮೂಲೆಯಲ್ಲಿ ಕೂರಿಸಬೇಕು ಎಂಬುದು ಇನ್ನೂ ಕೈಗೆ ಹತ್ತಿಲ್ಲ. ಭಾಷೆಯ ಪರೀಕ್ಷೆಯನ್ನು ಮೊದಲು ಪಾಸು ಮಾಡಿದವಳು ನಾನು. ಶಾಲೆಯ ಮೀಟಿಂಗಿಗೆ, ಅಂಗಡಿಗೆ, ಆಫೀಸುಗಳಿಗೆ ಮಾತನಾಡಲು ಹೋಗುವವಳೂ ನಾನೇ. ಆದರೆ ಈಗ ನಾವಿರುವ ಹಳ್ಳಿಯ ಗಂಡಸರು ನೆನಪಿಟ್ಟುಕೊಂಡಿರುವುದು ನನ್ನ ತಪ್ಪಿಲ್ಲದ ಡಚ್ಚನ್ನಲ್ಲ, ಇವರು ಒಂದು ಶನಿವಾರ ಬೆಳಿಗ್ಗೆ ಎದ್ದುನಿಂತು ಆಡಿದ ತಪ್ಪು ಡಚ್ಚನ್ನು. ಆ ಹೆಮ್ಮೆಯನ್ನು ನಾನು ಈವರೆಗೆ ಯಾರ ಮುಂದೆಯೂ ಸರಿಯಾಗಿ ಹೇಳಿಕೊಂಡಿಲ್ಲ.

ನಾವಿಬ್ಬರೂ ಉತ್ತರ ಕರ್ನಾಟಕದವರು. ನಾನು ಹುಬ್ಬಳ್ಳಿಯವಳು, ಇವರು ಗದಗಿನ ಹತ್ತಿರದವರು. ಈ ದೇಶಕ್ಕೆ ಬಂದ ಮೊದಲ ವರ್ಷಗಳನ್ನು ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್‌ನಲ್ಲಿ ಕಳೆದೆವು. ಅಲ್ಲಿ ಲಿಫ್ಟಿನಲ್ಲಿ ಕನ್ನಡ ಕೇಳಿಸುತ್ತಿತ್ತು. ಮೈಸೂರಿನವರೊಬ್ಬರು ಕೆಳಗಿನ ಮಹಡಿಯಲ್ಲಿದ್ದರು. ಒಗ್ಗರಣೆ ವಾಸನೆ ಬಂದರೆ ಸಾಕು, ಅವರ ಮನೆಯಲ್ಲಿ ಏನು ಅಡಿಗೆ ಎಂದು ಇವರು ಊಹಿಸಿ ಹೇಳುತ್ತಿದ್ದರು. ಆಮೇಲೆ ನನಗೆ ನ್ಯೂವೆಗೈನ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಇವರಿಗೆ ಹೇಗೂ ಮನೆಯಿಂದಲೇ ಕೆಲಸ. ಹಾಗಾಗಿ ಅಲ್ಲಿಂದ ದಕ್ಷಿಣಕ್ಕೆ, ನೀರು ತಡೆಯುವ ಒಡ್ಡಿನ ಮೇಲಿನ ರಸ್ತೆಯೊಂದರ ಉದ್ದಕ್ಕೂ ಹರಡಿಕೊಂಡ ಹಳ್ಳಿಯಲ್ಲಿ ಮನೆ ಮಾಡಿದೆವು. ಹಸುಗಳು, ಹುಲ್ಲುಗಾವಲು, ಹೊಲಕ್ಕೊಂದು ನೀರಿನ ಕಾಲುವೆ. ಮಗಳು ಶಾಲೆಗೆ ಸೇರಿ ಚಳಿಗಾಲ ಮುಗಿಯುವುದರೊಳಗೆ ಕನ್ನಡದಲ್ಲಿ ಕೇಳಿದ್ದಕ್ಕೆ ಡಚ್ಚಿನಲ್ಲಿ ಉತ್ತರ ಕೊಡಲು ಶುರು ಮಾಡಿದಳು.

ಇವರು ಮಾತು ಕಡಿಮೆ ಮಾಡಿದ್ದು ಯಾವಾಗ ಎಂದು ನನಗೆ ನಿಖರವಾಗಿ ಹೇಳಲು ಬರುವುದಿಲ್ಲ. ಒಂದು ದಿನ ಬಿದ್ದು ಕಾಲು ಮುರಿದುಕೊಂಡ ಹಾಗಲ್ಲವಲ್ಲ ಇದು. ಇವರಿದ್ದ ಪ್ರಾಜೆಕ್ಟ್ ನಿಂತುಹೋಗಿ ಬೇರೆ ತಂಡಕ್ಕೆ ಹಾಕಿದ್ದರು. ಅಲ್ಲಿ ಯಾರ ಮುಖವನ್ನೂ ಇವರು ಎದುರಿಗೆ ನೋಡಿರಲಿಲ್ಲ. ಮೊದಲು ಭಾನುವಾರ ರೊಟ್ಟಿ ಬಡಿಯುವುದು ನಿಂತಿತು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವರು ಇವರೇ. ಇವರ ಅವ್ವ ಕಲಿಸಿದ ಕೈ. ನನಗಿಂತ ತೆಳ್ಳಗೆ, ಅಂಚು ಸೀಳದ ಹಾಗೆ ಬಡಿಯುತ್ತಾರೆ. ಆಮೇಲೆ ಬೈಟನ್‌ವೆಲ್ಡರ್ಟ್‌ನ ಗೆಳೆಯರಿಗೆ ಫೋನ್ ಮಾಡುವುದು ನಿಂತಿತು. ಗಡ್ಡ ಬೆಳೆಯಿತು. ಮೇಲಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಕೂರತೊಡಗಿದರು.

"ಏನಾಗೇತ್ರಿ ನಿಮಗ?" ಎಂದು ಕೇಳಿದರೆ, "ಏನಿಲ್ಲ ಬಿಡು, ದಣಿವು" ಎನ್ನುವರು.

"ಮೀಟಿಂಗ್ ಇಲ್ಲೇನ್ರಿ ಇವತ್ತ?"

"ಐತಿ. ಕ್ಯಾಮೆರಾ ಆಫ್ ಇಟ್ಟೇನಿ."

ಡಾಕ್ಟರ ಬಳಿ ಹೋಗೋಣ ಎಂದೆ. ಒಂದು ಸಲವಲ್ಲ, ಬೇಸಿಗೆಯುದ್ದಕ್ಕೂ ಅಂದೆ. ಆಗ ಇವರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಹಿಂದೆ ಭಯ. "ಡಾಕ್ಟರಿಗೆ ಹೇಳಿದ್ರ ಆಫೀಸಿಗೆ ಗೊತ್ತಾಕ್ಕೈತಿ. ಕೆಲಸ ಹೋತು ಅಂದ್ರ ಇಲ್ಲಿರೂ ಪರ್ಮಿಟ್ ಹೋತು. ಮೂರೂ ಮಂದಿ ಎಲ್ಲಿಗೆ ಹೋಗೂಣ?" ಎಂದು ಕೇಳುವರು. ಹಾಗೇನೂ ಆಗುವುದಿಲ್ಲ ಎಂದು ನಾನು ವಿಚಾರಿಸಿ ತಿಳಿದುಕೊಂಡಿದ್ದೆ, ಹೇಳಿಯೂ ಹೇಳಿದ್ದೆ. ಆದರೆ ಹೆದರಿದ ಮನುಷ್ಯನಿಗೆ ಹೆಂಡತಿಯ ಮಾತು ಸಮಾಧಾನದ ಮಾತಾಗಿ ಕೇಳಿಸುತ್ತದೆಯೇ ಹೊರತು ನಿಜದ ಮಾತಾಗಿ ಕೇಳಿಸುವುದಿಲ್ಲ.

ನಮ್ಮ ಹಿತ್ತಲಿನ ಆಚೆ ಒಂದು ಕಾಲುವೆ, ಅದರಾಚೆ ಹಾಲಿನ ರೈತರೊಬ್ಬರ ಹುಲ್ಲುಗಾವಲು. ಅರವತ್ತರ ಹತ್ತಿರದ ಮನುಷ್ಯ. ಎತ್ತರ, ಅಗಲ, ಮಾತು ಬಹಳ ಕಡಿಮೆ. ಟ್ರ್ಯಾಕ್ಟರಿನ ಮೇಲಿಂದ ಒಂದು ಬೆರಳೆತ್ತಿದರೆ ಅದೇ ನಮಸ್ಕಾರ. ಅವರ ಹೆಂಡತಿ ಮಾತ್ರ ನಾವು ಮನೆ ಮಾಡಿದ ವಾರವೇ ಸೇಬಿನ ಕೇಕ್ ಹಿಡಿದುಕೊಂಡು ಬಂದು, ನಮ್ಮ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಮೂಸಿ ನೋಡಿ, ಯಾವುದು ಏನು ಎಂದು ಕೇಳಿ ಹೋಗಿದ್ದರು.

ಆ ವರ್ಷದ ಎಲೆ ಉದುರುವ ಕಾಲದಲ್ಲಿ, ಒಂದು ಶನಿವಾರ ಬೆಳಿಗ್ಗೆ, ಆ ರೈತರು ಹಿತ್ತಲ ಬಾಗಿಲಿಗೆ ಬಂದರು. ಈ ಊರಿನಲ್ಲಿ ಮುಂಬಾಗಿಲ ಗಂಟೆ ಒತ್ತುವವರು ಪಾರ್ಸೆಲ್ ತರುವವರು ಮಾತ್ರ. ಪರಿಚಯದವರೆಲ್ಲ ಹಿತ್ತಲಿನಿಂದಲೇ ಬರುತ್ತಾರೆ. ಅವರ ಕೈಯಲ್ಲಿ ಉದ್ದ ಹಿಡಿಕೆಯ, ಬಾಗಿದ ಹಲ್ಲುಗಳ ಎರಡು ಕುಂಟೆಗಳಿದ್ದವು.

"ನಿಮ್ಮ ಯಜಮಾನರು ಇದ್ದಾರಾ?" ಎಂದು ಕೇಳಿದರು.

ನಾನು ಇವರನ್ನು ಕರೆದೆ. ಇವರು ಇಳಿದು ಬಂದದ್ದೇ ದೊಡ್ಡದು. ಹಳೆಯ ಸ್ವೆಟರ್, ಕೆದರಿದ ಕೂದಲು. ರೈತರು ಇವರ ಅವತಾರವನ್ನು ನೋಡಿದರೋ ಇಲ್ಲವೋ, ಮುಖದಲ್ಲಿ ಏನೂ ತೋರಿಸಲಿಲ್ಲ.

"ಕಾಲುವೆ ಸ್ವಚ್ಛ ಮಾಡಬೇಕು," ಎಂದರು. "ನೀರು ಮಂಡಳಿಯವರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಕಳೆ, ಜೊಂಡು ಎಲ್ಲ ಎಳೆದು ಹಾಕಿರಬೇಕು. ಅರ್ಧ ನನ್ನದು. ಅರ್ಧ ನಿಮ್ಮದು."

ಇವರು ನನ್ನ ಮುಖ ನೋಡಿದರು. ಮನೆಯ ಜೊತೆಗೆ ಕಾಲುವೆಯ ಅರ್ಧವೂ ನಮ್ಮ ಪಾಲಿಗೆ ಬಂದಿದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. "ಯಂತ್ರ ಇರತಾವಲ್ಲ ಇದಕ್ಕ?" ಎಂದು ಇವರು ನನಗೆ ಕನ್ನಡದಲ್ಲಿ ಅಂದರು, ನಾನು ಡಚ್ಚಿನಲ್ಲಿ ಕೇಳಿದೆ. ಇದೆ, ಆದರೆ ನಿಮ್ಮ ಹಿತ್ತಲಿನ ಹತ್ತಿರ ಅದು ತಿರುಗುವುದಿಲ್ಲ, ಕೈಯಿಂದಲೇ ಆಗಬೇಕು ಎಂದರು ರೈತರು. ಹಾಗೆಂದು ಒಂದು ಕುಂಟೆಯನ್ನು ಇವರತ್ತ ಚಾಚಿದರು. ಚಾಚಿದ ವಸ್ತುವನ್ನು ತೆಗೆದುಕೊಳ್ಳದೆ ಇರುವುದು ನಮ್ಮ ಕಡೆಯ ಮನುಷ್ಯನಿಗೆ ಆಗದ ಮಾತು. ಇವರು ತೆಗೆದುಕೊಂಡರು.

ಅಡಿಗೆಮನೆಯ ಕಿಟಕಿಯಿಂದ ನಾನು ನೋಡಿದೆ. ಒಬ್ಬರು ಆ ದಂಡೆ, ಒಬ್ಬರು ಈ ದಂಡೆ. ನೀರಿನೊಳಕ್ಕೆ ಕುಂಟೆ ಚಾಚಿ, ಕಳೆಯನ್ನು ಸಿಕ್ಕಿಸಿಕೊಂಡು, ಹಿಂದಕ್ಕೆ ವಾಲಿ ಎಳೆಯಬೇಕು. ಮೊದಲ ಎಳೆತಕ್ಕೇ ಇವರು ಜಾರಿ ಕೆಸರಿನಲ್ಲಿ ಕೂತರು. ನಾನು ಓಡಿ ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ರೈತರು ಆಚೆ ದಂಡೆಯಿಂದ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಕಾಲು ಹೇಗೆ ಇಡಬೇಕೆಂದು ತಮ್ಮ ಕಾಲಿನಿಂದ ತೋರಿಸಿದರು, ಅಷ್ಟೇ. ಇವರು ಎದ್ದು ಹಾಗೆಯೇ ನಿಂತು ಎಳೆದರು. ಎಳೆದದ್ದನ್ನು ದಂಡೆಯ ಮೇಲೆಯೇ ಬಿಡಬೇಕಂತೆ. ಕಳೆಯಲ್ಲಿ ಸಿಕ್ಕಿಬಿದ್ದ ಕಪ್ಪೆ, ಸಣ್ಣ ಮೀನು ತಾವಾಗಿಯೇ ತಿರುಗಿ ನೀರಿಗೆ ಹೋಗಲಿ ಎಂದು. ಮಧ್ಯಾಹ್ನ ಒಳಗೆ ಬಂದ ಇವರ ಮೈಯಲ್ಲೆಲ್ಲ ಕೊಳೆತ ನೀರಿನ ವಾಸನೆ. ಬಹಳ ದಿನಗಳ ಮೇಲೆ ತಾವಾಗಿಯೇ ಊಟ ಕೇಳಿದರು.

ಕಾಲುವೆ ಉದ್ದವಿತ್ತು. ಮುಂದಿನ ಶನಿವಾರವೂ ರೈತರು ಬಂದರು, ಅದರ ಮುಂದಿನ ಶನಿವಾರವೂ. ಕೆಲವು ವಾರ ಇವರು ಹಾಸಿಗೆಯಿಂದ ಏಳಲಾರೆ ಎಂದರು. ನಾನು ಹೋಗಿ ಹೇಳಿದರೆ ರೈತರು, "ಸರಿ, ಕಾಯ್ತೀನಿ," ಎಂದು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಡುವರು. ಕೂತವರನ್ನು ಎಬ್ಬಿಸಿ ಕಳಿಸುವುದು ಹೇಗೆ? ಇವರೇ ಬೂಟು ಹಾಕಿಕೊಂಡು ಹೊರಗೆ ಬರಬೇಕಾಗುತ್ತಿತ್ತು. ಇಬ್ಬರೂ ಬಹಳ ಹೊತ್ತು ಒಂದು ಮಾತೂ ಆಡದೆ ಕೆಲಸ ಮಾಡುತ್ತಿದ್ದರು. ಆಡಿದರೂ ನನಗೆ ಕೇಳಿಸುತ್ತಿರಲಿಲ್ಲ.

ಕೆಲಸ ಇನ್ನೇನು ಮುಗಿಯಿತು ಎನ್ನುವ ದಿನ, ರೈತರು ಸುತ್ತು ಹಾಕಿಕೊಂಡು ನಮ್ಮ ದಂಡೆಗೇ ಬಂದಿದ್ದರು. ಇಬ್ಬರೂ ಕುಂಟೆಗಳನ್ನು ನೆಲಕ್ಕೂರಿ, ನೀರಿನ ಕಡೆ ಮುಖ ಮಾಡಿ, ಪಕ್ಕಪಕ್ಕದಲ್ಲಿ ನಿಂತಿದ್ದರು. ರೈತರು ಮಾತನಾಡುತ್ತಿದ್ದರು. ಅವರು ಅಷ್ಟು ಹೊತ್ತು ಮಾತನಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಆಮೇಲೆ ಇವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ನನಗೆ ಬೆನ್ನಿನಿಂದಲೇ ಗೊತ್ತಾಯಿತು. ರೈತರು ಮುಟ್ಟಲಿಲ್ಲ, ತಬ್ಬಲಿಲ್ಲ, ನೀರು ನೋಡುತ್ತ ಪಕ್ಕದಲ್ಲೇ ನಿಂತರು.

ಇವರು ಒಳಗೆ ಬಂದು ಕೈತೊಳೆದುಕೊಂಡರು. "ಸೋಮವಾರ ಡಾಕ್ಟರಿಗೆ ಫೋನ್ ಮಾಡ್ತೇನಿ," ಎಂದರು.

"ಅವರೇನ್ ಹೇಳಿದ್ರು ನಿಮಗ?"

"ಅದು ಅವರ ಮಾತು. ನಾ ಹೇಳಂಗಿಲ್ಲ."

ನನಗೆ ಕುತೂಹಲ ತಡೆಯಲಾಗದಿದ್ದರೂ ಮತ್ತೆ ಕೇಳಲಿಲ್ಲ. ಫೋನ್ ಮಾಡುತ್ತೇನೆ ಎಂದದ್ದೇ ನನಗೆ ಸಾಕಾಗಿತ್ತು.

ಇಲ್ಲಿ ಡಾಕ್ಟರನ್ನು ಕಾಣಬೇಕಾದರೆ ಮೊದಲು ಸಹಾಯಕಿಗೆ ಫೋನಿನಲ್ಲಿ ಕಾಯಿಲೆ ಏನೆಂದು ಹೇಳಬೇಕು. ನಾನು ಮಾಡಿಕೊಡಲಾ ಎಂದು ಕೇಳಿದೆ, ಬೇಡ ಎಂದರು. ಮೆಟ್ಟಿಲ ಮೇಲೆ ಕೂತು, ತಪ್ಪುತಪ್ಪು ಡಚ್ಚಿನಲ್ಲಿ, "ನನ್ನ ತಲೆಯೊಳಗೆ ದುಃಖ ಇದೆ, ಹೋಗುತ್ತಿಲ್ಲ," ಎಂದು ಹೇಳಿದರು. ನಾನು ಅಡಿಗೆಮನೆಯಲ್ಲಿ ಸೌಟು ಹಿಡಿದುಕೊಂಡು ನಿಂತುಬಿಟ್ಟೆ. ಅದಕ್ಕಿಂತ ಸರಿಯಾದ ವಾಕ್ಯವನ್ನು ಯಾವ ಪರೀಕ್ಷೆ ಪಾಸಾದವರೂ ಹೇಳಲಾರರು.

ಚಳಿಗಾಲವೆಲ್ಲ ಅದರಲ್ಲೇ ಹೋಯಿತು. ಡಾಕ್ಟರು ಗುಳಿಗೆ ಕೊಟ್ಟರು. ಅದೇ ದವಾಖಾನೆಯಲ್ಲಿ ಮನಸ್ಸಿನ ತೊಂದರೆಯವರ ಜೊತೆ ಮಾತನಾಡಲೆಂದೇ ಒಬ್ಬ ಹೆಣ್ಣುಮಗಳಿದ್ದಳು. ಅವಳ ಬಳಿ ಹೋಗಿ ಬರುತ್ತಿದ್ದರು. ಆಫೀಸಿಗೂ ತಿಳಿಸಿದರು. ಕೆಲಸ ಹೋಗಲಿಲ್ಲ, ಪರ್ಮಿಟ್ಟೂ ಹೋಗಲಿಲ್ಲ. ಸ್ವಲ್ಪ ಕಾಲ ರಜೆ, ಆಮೇಲೆ ಅರ್ಧ ಹೊತ್ತು, ಆಮೇಲೆ ಪೂರ್ತಿ. ನಡುವೆ ಮತ್ತೆ ಕೆಳಗೆ ಬಿದ್ದ ವಾರಗಳಿದ್ದವು, ಗುಳಿಗೆ ಒಗ್ಗದೆ ಬದಲಿಸಿದ್ದಿದೆ, ಮಗಳ ಮೇಲೆ ರೇಗಿ ಆಮೇಲೆ ಅವಳ ಕೋಣೆಯ ಬಾಗಿಲಲ್ಲಿ ಕ್ಷಮೆ ಕೇಳುತ್ತ ನಿಂತದ್ದಿದೆ. ಶನಿವಾರದ ಕೆಲಸ ಮಾತ್ರ ತಪ್ಪಲಿಲ್ಲ. ಕಾಲುವೆ ಮುಗಿದ ಮೇಲೆ ರೈತರಿಗೆ ಬೇಲಿಯ ತಂತಿ ಎಳೆಯಲು ಜನ ಬೇಕಾಯಿತು, ಕರುಗಳನ್ನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೊಡೆಯುವಾಗ ಗೇಟು ಹಿಡಿಯಲು ಜನ ಬೇಕಾಯಿತು. ನಿಜಕ್ಕೂ ಬೇಕಾಗಿತ್ತೋ ಇಲ್ಲವೋ ನಾನರಿಯೆ.

ಹುಲ್ಲು ಚಿಗುರುವ ಹೊತ್ತಿಗೆ, ಒಡ್ಡಿನ ಆ ತುದಿಯ ರೈತರೊಬ್ಬರು ತೀರಿಕೊಂಡರು. ಇನ್ನೂ ಐವತ್ತು ಆಗಿರಲಿಲ್ಲ. ಹೇಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಂತ್ಯಕ್ರಿಯೆಯ ನಂತರ ಕಾಫಿ ಹಿಡಿದು ನಿಂತ ಗಂಡಸರು ಈ ಸಲ ಹುಲ್ಲು ಎಷ್ಟೆತ್ತರ ಬಂದಿದೆ ಎಂದು ಮಾತನಾಡಿದರು. ಇವರು ಮನೆಗೆ ಬಂದು ಕೋಟು ಬಿಚ್ಚದೆಯೇ ಕುರ್ಚಿಯಲ್ಲಿ ಕೂತರು. "ಯಾರೂ ಅವನ ಹಿತ್ತಲ ಬಾಗಿಲಿಗೆ ಹೋಗಲಿಲ್ಲಲ್ಲ," ಎಂದರು.

ನಮ್ಮ ನೆರೆಯ ರೈತರ ಹೆಂಡತಿ ಸುಮ್ಮನೆ ಕೂರುವವರಲ್ಲ. ಊರಿನ ಸಭಾಭವನದಲ್ಲಿ ಒಂದು ಶನಿವಾರ ಎಲ್ಲರನ್ನೂ ಕಾಫಿಗೆ ಕರೆದರು. ಬೆಳಗಿನ ಹಾಲು ಕರೆದು ಮುಗಿದ ಮೇಲೆ, ಗಂಡಸರಿಗೆ ನೆಪ ಹೇಳಲು ಬಾರದ ಹೊತ್ತು ನೋಡಿ ಇಟ್ಟಿದ್ದರು. ಡಾಕ್ಟರರ ದವಾಖಾನೆಯ ಆ ಹೆಣ್ಣುಮಗಳನ್ನೂ ಕರೆಸಿದ್ದರು. ನಾವು ಮೂವರೂ ಹೋದೆವು. ಮಗಳು ಬೇರೆ ಮಕ್ಕಳ ಜೊತೆ ಹೊರಗೆ ಆಡಲು ಹೋದಳು.

ಆ ಹೆಣ್ಣುಮಗಳು ಚೆನ್ನಾಗಿಯೇ ಮಾತನಾಡಿದಳು. ನಿದ್ದೆ ಕೆಡುವುದು, ಹಸಿವು ಹೋಗುವುದು, ಪ್ರೀತಿಯ ಕೆಲಸದ ಮೇಲೂ ಮನಸ್ಸಿಲ್ಲದಾಗುವುದು. ಕೊನೆಗೆ, "ಯಾರಾದರೂ ಏನಾದರೂ ಹೇಳುವುದಿದೆಯಾ?" ಎಂದು ಕೇಳಿದಳು. ದೊಡ್ಡ ದೊಡ್ಡ ಕೈಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಯಾರೋ ಕಾಫಿಯಲ್ಲಿ ಚಮಚ ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ನೆರೆಯ ರೈತರು ತಮ್ಮ ಬೂಟನ್ನೇ ನೋಡುತ್ತಿದ್ದರು. ಅವರ ಹೆಂಡತಿಯ ಕಿವಿಗಳು ಕೆಂಪಾಗಿದ್ದವು.

ನನ್ನ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ನೋಡಿದರೆ ಇವರು ಎದ್ದು ನಿಂತಿದ್ದಾರೆ.

"ನಾನು ಈ ಊರಿನವನಲ್ಲ," ಎಂದು ಶುರು ಮಾಡಿದರು. ಕ್ರಿಯಾಪದ ಆಗಲೇ ತಪ್ಪು ಜಾಗದಲ್ಲಿತ್ತು. "ಹಸುಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಅವು ನನ್ನನ್ನು ನೋಡಿ ನಗುತ್ತವೆ."

ಒಂದಿಬ್ಬರು ತುಟಿ ಅಲುಗಿಸಿದರು.

"ಹೋದ ವರ್ಷ ನನಗೆ ಕಾಯಿಲೆಯಾಗಿತ್ತು. ತಲೆಯ ಕಾಯಿಲೆ. ಮಗಳು ಚಿತ್ರ ಬರೆದು ತಂದು ತೋರಿಸುತ್ತಿದ್ದಳು. ನಾನು ನೋಡುತ್ತಿದ್ದೆ, ನನಗೆ ಏನೂ ಅನಿಸುತ್ತಿರಲಿಲ್ಲ. ನಾನು ಇಲ್ಲದಿದ್ದರೆ ಇವರಿಬ್ಬರಿಗೆ ಹಗುರವಾಗುತ್ತದೆ ಎಂದು ಯೋಚಿಸಿದ್ದೆ. ಅದು ಸುಳ್ಳು ಯೋಚನೆ. ಆದರೆ ಆಗ ಅದು ಬಹಳ ನಿಜದ ಹಾಗೆ ಇತ್ತು."

ಇದನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಇವರು ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಮುಂದೆ ನೋಡಿದರು.

"ಒಬ್ಬರು ನನ್ನ ಮನೆಗೆ ಬಂದರು. ಏನಾಗಿದೆ ಎಂದು ಕೇಳಲಿಲ್ಲ. ಕೆಲಸ ಇದೆ ಬಾ ಎಂದರು. ಬಹಳ ವಾರ ಕೆಲಸ ಮಾಡಿದ ಮೇಲೆ, ಡಾಕ್ಟರ ಹತ್ತಿರ ಹೋಗು ಎಂದರು. ಹೋದೆ. ಈಗ ಮಗಳ ಚಿತ್ರ ನೋಡಿದರೆ ನಗು ಬರುತ್ತದೆ. ಅವಳು ಹಸುವಿಗೆ ಐದು ಕಾಲು ಬರೆಯುತ್ತಾಳೆ. ನನಗೆ ಹೇಳಲಿಕ್ಕೆ ಇದ್ದದ್ದು ಇಷ್ಟೇ. ಡಚ್ ತಪ್ಪಾಗಿದ್ದರೆ ಕ್ಷಮಿಸಿ."

ಆ ಒಬ್ಬರು ಯಾರೆಂದು ಇವರು ಹೇಳಲಿಲ್ಲ. ಅವರತ್ತ ಕಣ್ಣು ಕೂಡ ಹಾಯಿಸಲಿಲ್ಲ. ಕೂತರು. ಮೇಜಿನ ಕೆಳಗೆ ನಾನು ಇವರ ಕೈ ಹಿಡಿದೆ, ಬೆವರಿನಿಂದ ಒದ್ದೆಯಾಗಿತ್ತು. ಹುಬ್ಬಳ್ಳಿಯಲ್ಲಿ ಮದುವೆಯ ದಿನ ಮಂದಿಯ ಮುಂದೆ ಹಿಡಿದಾಗಲೂ ಆ ಕೈ ನನಗೆ ಅಷ್ಟು ನನ್ನದೆನಿಸಿರಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಚಪ್ಪಾಳೆಯ ಜಾಗವೂ ಅಲ್ಲ. ಆಚೆಯ ಸಾಲಿನಲ್ಲಿ ನಮ್ಮ ನೆರೆಯ ರೈತರು ನಿಧಾನವಾಗಿ ಎದ್ದರು.

"ಆ ಒಬ್ಬ ನಾನು," ಎಂದರು. "ಅವರ ಕೋಣೆಯ ಪರದೆ ಬೇಸಿಗೆಯಲ್ಲೂ ಮುಚ್ಚಿತ್ತು. ಅದರ ಅರ್ಥ ನನಗೆ ಗೊತ್ತಿತ್ತು. ಯಾಕಂದರೆ ನನಗೂ ಆಗಿತ್ತು. ಮಗ ಹೊಲಮನೆ ಬೇಡ ಅಂದ ವರ್ಷ. ಕೊಟ್ಟಿಗೆಗೆ ಹೋದವನಿಗೆ ಹೊರಗೆ ಬರೋದು ಬೇಡ ಅನಿಸ್ತಿತ್ತು. ನನ್ನ ಹೆಂಡತಿ ಡಾಕ್ಟರನ್ನ ಕರೆಸಿದಳು. ನಿಮಗೆಲ್ಲ ಬೆನ್ನು ನೋವು ಅಂತ ಹೇಳಿದ್ವಿ. ಬೆನ್ನು ಸರಿಯಾಗೇ ಇತ್ತು." ನನ್ನ ಗಂಡನತ್ತ ತಿರುಗಿದರು. "ಇದನ್ನ ಈ ಮನುಷ್ಯನಿಗೆ ಮಾತ್ರ ಹೇಳಿದ್ದೆ. ಯಾರಿಗೂ ಹೇಳಬೇಡ ಅಂದಿದ್ದೆ. ಇವತ್ತಿನವರೆಗೂ ಹೇಳಿಲ್ಲ."

ಕಾಲುವೆಯ ದಂಡೆಯ ಮೇಲೆ ಅವರು ಆಡಿದ ಮಾತು ಯಾವುದು ಎಂದು ನನಗೆ ಆಗ ತಿಳಿಯಿತು. ಇವರು ಎದ್ದುನಿಂತು ಮಾತನಾಡಿದ್ದಕ್ಕೆ ನನಗೆ ಎಷ್ಟು ಹೆಮ್ಮೆಯಾಯಿತೋ, ಇನ್ನೊಬ್ಬರ ಗುಟ್ಟನ್ನು ಹೆಂಡತಿಗೂ ಹೇಳದೆ ಒಂದು ಚಳಿಗಾಲವೆಲ್ಲ ಇಟ್ಟುಕೊಂಡದ್ದಕ್ಕೆ ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಆಮೇಲೆ ಬಿರುಸಿನ ಮಾತುಕತೆಯೇನೂ ನಡೆಯಲಿಲ್ಲ. ಒಬ್ಬರು ತಮಗೆ ನಿದ್ದೆಯ ಗುಳಿಗೆ ಇಲ್ಲದೆ ಆಗುವುದಿಲ್ಲ ಎಂದರು. ಇನ್ನೊಬ್ಬರು ತೀರಿಹೋದವರ ಹೆಸರನ್ನು ಗಟ್ಟಿಯಾಗಿ ಹೇಳಿ, ಅವರ ಮನೆಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಬೇಕೆಂದುಕೊಂಡು ನಿಲ್ಲಿಸದೆ ಹೋದದ್ದನ್ನು ಹೇಳಿ, ಮುಖ ಒರೆಸಿಕೊಂಡರು. ಹೊರಡುವಾಗ, ಇಷ್ಟು ವರ್ಷ ನಮಗೆ ಒಂದು ಬೆರಳನ್ನೂ ಎತ್ತದಿದ್ದ ವಯಸ್ಸಾದವರೊಬ್ಬರು ಬಾಗಿಲಲ್ಲಿ ಇವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. "ನಿಮ್ಮ ಡಚ್ಚಿನ ಒಂದೊಂದು ಮಾತೂ ಅರ್ಥವಾಯಿತು," ಎಂದರು.

ಈಗ ಶನಿವಾರ ಹಾಲು ಕರೆದ ಮೇಲೆ ರೈತರ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಕೆಲವು ಗಂಡಸರು ಸೇರುತ್ತಾರೆ. ಅದಕ್ಕೆ ಹೆಸರಿಟ್ಟಿಲ್ಲ. ಕೆಲವು ದಿನ ಟಯರಿನ ವಿಷಯ ಬಿಟ್ಟು ಬೇರೆ ಮಾತೇ ಇರುವುದಿಲ್ಲ ಎಂದು ಇವರು ಹೇಳುತ್ತಾರೆ. ಇವರು ಶುಂಠಿ ಹಾಕಿದ ಚಹಾ ಫ್ಲಾಸ್ಕಿನಲ್ಲಿ ಒಯ್ಯುತ್ತಾರೆ. ಮೊದಮೊದಲು ಮೂಗು ಮುರಿದವರು ಈಗ ಕಾಫಿ ಬೇಡವೆನ್ನುತ್ತಾರಂತೆ. ಒಮ್ಮೆ ಒಬ್ಬರು ನಮ್ಮ ಹಿತ್ತಲ ಬಾಗಿಲಿಗೆ ಬಂದು, "ಅವರು ಇದ್ದಾರಾ?" ಎಂದಷ್ಟೇ ಕೇಳಿದರು. ಇವರು ಮೀಟಿಂಗ್ ನಡುವೆಯೇ ಲ್ಯಾಪ್‌ಟಾಪ್ ಮುಚ್ಚಿ ಇಳಿದು ಬಂದು, ಅವರ ಜೊತೆ ಒಡ್ಡಿನ ಮೇಲೆ ನಡೆದುಕೊಂಡು ಹೋದರು.

ಇನ್ನೊಂದು ಮಾತು ಉಳಿದಿದೆ. ಡಚ್ಚಿನಲ್ಲಿ ಊರಿಗೇ ಹೇಳಿದ್ದನ್ನು ಇವರು ಕನ್ನಡದಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಇವರ ಅಣ್ಣ ಗದಗಿನ ಹತ್ತಿರದ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಫೋನ್ ಮಾಡಿದರೆ ಆರಾಮ ಇದ್ದೀ, ಆರಾಮ ಇದ್ದೇನಿ ಎಂಬುದರಲ್ಲೇ ಮಾತು ಮುಗಿಯುತ್ತಿತ್ತು. ಹೋದ ಭಾನುವಾರ ಇವರು ರೊಟ್ಟಿ ಬಡಿಯುತ್ತ ಫೋನನ್ನು ಸ್ಪೀಕರಿಗೆ ಹಾಕಿಟ್ಟುಕೊಂಡಿದ್ದರು.

"ಅಣ್ಣಾ, ನಾ ಆರಾಮ ಇರಲಿಲ್ಲ," ಎಂದರು, ಹಿಟ್ಟಿನ ಮೇಲಿಂದ ಕಣ್ಣೆತ್ತದೆ. "ಹೋದ ವರ್ಷ ಮನಸ್ಸು ಭಾಳ ಕೆಟ್ಟಿತ್ತು. ಡಾಕ್ಟರ್ ಕಡೆ ಹೋಗಿದ್ದೆ. ಗುಳಿಗಿ ತಗೊಂಡೇನಿ. ಈಗ ಬೇಷಿದ್ದೇನಿ."

ಆ ಕಡೆ ಗಿರಣಿಯ ಸದ್ದೊಂದೇ. ಅಣ್ಣ ಬೈಯುತ್ತಾರೋ, ನಗುತ್ತಾರೋ ಎಂದು ನಾನು ಫೋನನ್ನೇ ನೋಡಿದೆ. ಆ ಸದ್ದು ನಿಂತಿತು. ಅವರು ಯಂತ್ರ ಬಂದ್ ಮಾಡಿದ್ದರು.

"ಯಾವ ಡಾಕ್ಟರ್ ಕಡೆ ಹೋಗಬೇಕೋ ಇದಕ್ಕ?" ಎಂದು ಕೇಳಿದರು. "ನನಗೂ ಭಾಳ ದಿನ ಆತು, ನಿದ್ದಿ ಬರವಲ್ದು. ನಿಮ್ಮ ಅತ್ತಿಗಿಗೂ ಹೇಳಿಲ್ಲ."

ಇವರು ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿಕೊಂಡು, ಸ್ಪೀಕರ್ ಬಂದ್ ಮಾಡಿ, ಹಿತ್ತಲಿಗೆ ಹೋದರು. ಉಳಿದ ರೊಟ್ಟಿಗಳನ್ನು ನಾನು ಬಡಿದೆ. ಕಿಟಕಿಯಿಂದ ನೋಡಿದರೆ ಕಾಲುವೆಯ ದಂಡೆಯ ಮೇಲೆ ಅತ್ತಿಂದಿತ್ತ ನಡೆಯುತ್ತ, ಬಹಳ ಹೊತ್ತು ಕೇಳುತ್ತಿದ್ದರು, ಆಗೊಮ್ಮೆ ಈಗೊಮ್ಮೆ ಒಂದು ಮಾತು ಹೇಳುತ್ತಿದ್ದರು.